ಕೊಬ್ಬರಿ ಅಟ್ಟದ ಕೆಳಗೊಂದು ಸೀನು

ಆ ಭಾನುವಾರ ಒಂದೇ ಒಂದು ಸಲವೂ ಸೀನುವುದಿಲ್ಲ ಎಂದು ನಾನು ಶಪಥ ಮಾಡಿದ್ದೆ. ಶಪಥವೆಂದರೆ ಸುಮ್ಮನೆ ಬಾಯಿಮಾತಲ್ಲ, ದೇವರ ಮನೆಯ ಮುಂದೆ ನಿಂತು, ಬಲಗೈ ಎತ್ತಿ! ಅಲರ್ಜಿಯನ್ನು ಅರ್ಥ ಮಾಡಿಕೊಂಡು ಹದ್ದುಬಸ್ತಿನಲ್ಲಿಡುವ ವಿದ್ಯೆ ಇಡೀ ತುಮಕೂರಿನಲ್ಲಿ ಯಾರಿಗಾದರೂ ಕರಗತವಾಗಿದ್ದರೆ ಅದು ನನಗೇ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ.

ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕಡತಗಳ ಧೂಳು ತಿಂದ ಮೂಗು ನನ್ನದು. ಒಮ್ಮೆ ಶುರುವಾದರೆ ಹದಿನೈದು ಸೀನಿಗೆ ಕಡಿಮೆಯಿಲ್ಲ. ಡಾಕ್ಟರ ಹತ್ತಿರ ಹೋದೆನೇ? ನಾನೇಕೆ ಹೋಗಲಿ! ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ನಾನೇ ಅರ್ಧ ಡಾಕ್ಟರಾಗಿದ್ದೆ. ಮನೆಯಲ್ಲಿ ಊದುಬತ್ತಿ ನಿಷೇಧಿಸಿದೆ. ಹತ್ತಿ ದಿಂಬುಗಳನ್ನು ಗಡೀಪಾರು ಮಾಡಿದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮುಂಚೆ ನನಗೆ ನೋಟೀಸು ಕೊಡಬೇಕೆಂದು ಆಜ್ಞೆ ಹೊರಡಿಸಿದೆ. ಕೃತಜ್ಞತೆ ಇರಬೇಕಾದ ನನ್ನ ಹೆಂಡತಿ ಶಶಿರೇಖಾ ಏನಂದಳು ಗೊತ್ತೇ?

"ಅಲ್ಲಾ ರೀ, ಫ್ಯಾನ್ ಒರೆಸಿ ಅಂದ್ರೆ ಧೂಳಿನ ಅಲರ್ಜಿ, ಪಾತ್ರೆ ತೊಳೀರಿ ಅಂದ್ರೆ ಸೋಪಿನ ಅಲರ್ಜಿ. ಬೋಂಡಾ ತಿನ್ನೋಕ್ ಮಾತ್ರ ಯಾವ ಅಲರ್ಜಿನೂ ಇಲ್ವಲ್ಲ?"

"ಅದು ವೈಜ್ಞಾನಿಕ ವಿಚಾರ ಕಣೇ, ನಿಂಗರ್ಥ ಆಗಲ್ಲ!"

"ಹೂಂ ಹೂಂ, ನಂಗ್ಯಾಕೆ ಅರ್ಥ ಆಗ್ಬೇಕು ಬಿಡಿ," ಎಂದು ಒಗ್ಗರಣೆ ಹಾಕಿಯೇಬಿಟ್ಟಳು. ನೋಟೀಸಿಲ್ಲದೆ!

ಈಗ ಶಪಥದ ವಿಚಾರಕ್ಕೆ ಬರುತ್ತೇನೆ. ಸದಾಶಿವನಗರದಲ್ಲಿ ಮೇಲಿನ ಮನೆ ನಮ್ಮದು, ಕೆಳಗಿನದು ನನ್ನಣ್ಣ ಹನುಮಂತರಾಜುವಿನದು. ಅವನ ಮಗಳು ಹರ್ಷಿತಾ ಗುಬ್ಬಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅದೇ ಕಾಲೇಜಿನಲ್ಲಿ ಪಾಠ ಹೇಳುವ ನಿಟ್ಟೂರಿನ ಹುಡುಗನನ್ನು ಮೆಚ್ಚಿದ್ದಳು. ಎರಡು ವರ್ಷ ಅತ್ತು ಕರೆದು ಅಪ್ಪನನ್ನು ಒಪ್ಪಿಸಿದ್ದಳು. ಹುಡುಗನ ಕಡೆಯವರು ಬಂದು ಹೆಣ್ಣು ನೋಡಿಯೂ ಆಗಿತ್ತು. ಆ ಭಾನುವಾರ ನಾವು ಹೋಗಿ ಅವರ ಮನೆ ನೋಡಬೇಕು. ಮಾತು ಮುಗಿದರೆ ಅಲ್ಲೇ ಎಲೆ ಹಾಕುತ್ತಾರೆ, ಒಬ್ಬಟ್ಟಿನ ಊಟ. ಮುಗಿಯದಿದ್ದರೆ ಕಾಫಿ ಕುಡಿದು ವಾಪಸ್ಸು. ಹೊರಡುವಾಗ ಹರ್ಷಿತಾ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, "ಚಿಕ್ಕಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲಿ ಜಾಸ್ತಿ ಮಾತಾಡ್ಬೇಡಿ," ಎಂದಳು. ನಾನು ಅವಳ ತಲೆ ನೇವರಿಸಿ ಅಭಯ ಕೊಟ್ಟೆ.

ಮೆಡಿಕಲ್ ಶಾಪಿನವನು ಒಂದು ಮಾತ್ರೆ ಸಾಕು ಎಂದಿದ್ದ. ಒಂದು ಸಾಮಾನ್ಯ ಜನರಿಗೆ! ಗುಬ್ಬಿ ದಾಟುತ್ತಿದ್ದಂತೆ ನಾನು ಎರಡು ನುಂಗಿದೆ.

ನಿಟ್ಟೂರಿನ ಮನೆ ದೊಡ್ಡದು. ಹಜಾರದಲ್ಲಿ ಜಮಖಾನ ಹಾಸಿದ್ದರು. ಕೂತು ತಲೆ ಎತ್ತಿ ನೋಡುತ್ತೇನೆ, ನೆತ್ತಿಯ ಮೇಲೇ ಕೊಬ್ಬರಿ ಅಟ್ಟ! ಸಂದು ಬಿಟ್ಟು ಹಾಸಿದ ಬಿದಿರಿನ ಮೇಲೆ ಸಾವಿರಾರು ಕಾಯಿ, ಹತ್ತು ತಿಂಗಳಿಂದ ಒಣಗುತ್ತಾ ಕೂತಿವೆ. ಆ ಹತ್ತು ತಿಂಗಳ ಧೂಳೂ ಅಲ್ಲೇ ಇದೆ. ನನ್ನ ರೆಕಾರ್ಡ್ ರೂಮಿನ ದೊಡ್ಡಪ್ಪ ಅದು! ಆಗಲೇ ಕಣ್ಣು ಉರಿದು ಕೆಂಪಗಾದವು. ಮಾತ್ರೆಗಳೂ ತಮ್ಮ ಕೆಲಸ ಶುರುಮಾಡಿ ರೆಪ್ಪೆಗಳು ಭಾರವಾಗತೊಡಗಿದವು.

ಹುಡುಗನ ತಂದೆ ಪುಟ್ಟರಂಗಯ್ಯನವರಿಗೆ ತಮ್ಮ ಕೊಬ್ಬರಿಯ ಮೇಲೆ ಎಲ್ಲಿಲ್ಲದ ಅಭಿಮಾನ. "ಹೆಂಗ್ ಒಣಗವೆ ಕೇಳಿ ಸಾರ್, ಒಳಗೆ ಗಿಟುಕು ಗಡಗಡಾ ಅಂತದೆ!" ಎಂದು ಮೂಲೆಯಲ್ಲಿದ್ದ ಗಳು ತೆಗೆದು ಅಟ್ಟಕ್ಕೆ ನಾಲ್ಕು ಕುಟ್ಟಿದರು. ಕಾಯಿಗಳೊಳಗಿನ ಒಣಕೊಬ್ಬರಿ ಗಿಟುಕುಗಳು ಗಡಗಡಾ ಎಂದವು. ಧೂಳೆಲ್ಲ ನನ್ನ ಒಬ್ಬನ ತಲೆಯ ಮೇಲೆ ಸುರಿಯಿತು. ನಾನು ಉಸಿರು ಬಿಗಿಹಿಡಿದು ಕುಳಿತೆ. ಶಪಥ!

ಆ ಮನೆಯ ಯಜಮಾನಿಕೆಯೆಲ್ಲಾ ಹುಡುಗನ ಅಜ್ಜಿ ಸಿದ್ದಲಕ್ಷ್ಮಮ್ಮನವರದು. ಅವರು ನಮ್ಮನ್ನೆಲ್ಲಾ ಒಂದು ಸುತ್ತು ನೋಡಿ, ಒಳಗಿನವರಿಗೆ ಎಲೆ ಹಾಕಲು ಸನ್ನೆ ಮಾಡಿ, "ಆಯ್ತು ಕಣಪ್ಪ, ಮೊಮ್ಮಗ ಒಪ್ಪವ್ನೆ, ನಾವೂ ಒಪ್ಪಿದ್..."

"ಆಆಆಕ್ಷೀ!"

ಒಂದೇ ಒಂದು! ಹಾಳಾದ ಮಾತ್ರೆಗಳು ಹದಿನೈದರಲ್ಲಿ ಹದಿನಾಲ್ಕನ್ನು ತಡೆದು ಒಂದನ್ನು ಮಾತ್ರ ಬಿಟ್ಟಿದ್ದವು!

ಅಜ್ಜಿಯ ಮಾತು ಅಲ್ಲೇ ನಿಂತಿತು. "ಒಂಟಿ ಸೀನು..." ಎಂದು ಮುಖ ಚಿಕ್ಕದು ಮಾಡಿಕೊಂಡರು. ಅಣ್ಣ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಈ ಕಾಲದಲ್ಲೂ ಸೀನಿಗೆ ಶಕುನವೇ! ಒಬ್ಬ ವಿದ್ಯಾವಂತ ಸುಮ್ಮನೆ ಕೂರಬಹುದೇ?

"ಅಜ್ಜಿ, ಇದು ಶಕುನ ಅಲ್ಲ, ಅಲರ್ಜಿ!" ಎಂದೆ. ಶಶಿ ಮೊಣಕೈಯಿಂದ ತಿವಿದಳು. ಲೆಕ್ಕಿಸಲಿಲ್ಲ. "ಇದು ಮೇಲಿಂದ ಬರೋದಲ್ಲ, ರಕ್ತದಲ್ಲಿ ಬರೋದು. ನಮ್ಮಪ್ಪನಿಗಿತ್ತು, ನಂಗಿದೆ. ಒಂದೇ ಮನೆತನದೋರಿಗೆ ಬರೋ ಚಾನ್ಸ್ ಬಹಳ ಜಾಸ್ತಿ! ಅದೂ ಇಂಥ ಧೂಳಿರೋ ಮನೇಲಿ..."

ಹಜಾರದಲ್ಲಿದ್ದವರೆಲ್ಲಾ ನನ್ನ ಕಡೆ ತಿರುಗಿದರು. ನನ್ನ ಪಾಂಡಿತ್ಯಕ್ಕೆ ಬೆರಗಾಗಿದ್ದಾರೆಂದು ತಿಳಿದೆ.

"ಹಂಗಾರೆ ಹುಡುಗೀಗೂ ಬತ್ತದೆ ಅನ್ನು," ಎಂದರು ಅಜ್ಜಿ ನಿಧಾನವಾಗಿ. "ವರ್ಸವೆಲ್ಲಾ ಈ ಅಟ್ಟದ ಕೆಳಗೇ ಬಾಳೋರು ಕಣಪ್ಪ ನಾವು. ಸೊಸೆಯಾಗಿ ಬಂದೋಳು ಮೂಗು ಸೀಟ್ಕಂಡು ಕುಂತ್ರೆ ಏನ್ ಮಾಡಾನ? ಲೇ, ಎಲೆ ಹಾಕೋದು ತಡೀರ್ಲಾ!"

ಹಾಕಿದ್ದ ಎರಡು ಎಲೆಗಳನ್ನು ನನ್ನ ಕಣ್ಣೆದುರೇ ಮಡಿಚಿದರು! ಹುಡುಗನ ಮುಖ ಬಿಳಿಚಿಕೊಂಡಿತು. ಅಣ್ಣ ತಲೆಯ ಮೇಲೆ ಕೈ ಹೊತ್ತ. ಗೇಟಿನ ಹತ್ತಿರ ಕೈ ಹಿಡಿದುಕೊಂಡಿದ್ದ ಆ ಮಗು ನೆನಪಾಯಿತು. ಎರಡು ವರ್ಷದ ಅವಳ ಆಸೆಗೆ ನಾನು ಎರಡು ನಿಮಿಷದಲ್ಲಿ ಕಲ್ಲು ಹಾಕಿದ್ದೆ.

ಆಗ ಎದ್ದಳು ನೋಡಿ ನನ್ನ ಧರ್ಮಪತ್ನಿ! ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅಜ್ಜಿಯ ಪಕ್ಕ ಹೋಗಿ ಕೂತು, ಇಡೀ ಹಜಾರಕ್ಕೆ ಕೇಳುವಂತೆ ಪಿಸುಗುಟ್ಟಿದಳು.

"ಅಜ್ಜಿ, ಅವ್ರ ಮಾತ್ಗೆ ಬೆಲೆ ಕೊಡ್ಬೇಡಿ. ಅಲರ್ಜಿನೂ ಇಲ್ಲ, ಮಣ್ಣೂ ಇಲ್ಲ. ನಮ್ಮನೆಯೋರು ಬೆಳಗ್ಗೇನೇ... ಸ್ವಲ್ಪ ಹಾಕ್ಕೊಂಡವ್ರೆ."

ಏನು! ನಾನು! ಗೆಳೆಯರ ಪಾರ್ಟಿಯಲ್ಲೂ ನಿಂಬೆ ಶರಬತ್ತು ಹಿಡಿದು ಮೂಲೆಯಲ್ಲಿ ನಿಲ್ಲುವ ನಾನು! ಸಿಟ್ಟಿನಿಂದ ದಡಕ್ಕನೆ ಎದ್ದೆ. ಎರಡು ಮಾತ್ರೆಗಳು ಅದೇ ಗಳಿಗೆಗೆ ಕಾಯುತ್ತಿದ್ದವೋ ಏನೋ, ಕಾಲು ತೊಡರಿ ಕಂಬ ತಬ್ಬಿಕೊಂಡೆ. ನಾಲಿಗೆ ದಪ್ಪವಾಗಿತ್ತು.

"ನಾ... ನು... ಕು... ಡಿದಿಲ್ಲ!" ಎಂದೆ.

ಕುಡಿದವರೆಲ್ಲಾ ಹೇಳುವ ಮಾತು ಅದೇ ಎಂದು ನನಗೆ ಹೊಳೆದದ್ದು ಹೇಳಿಯಾದ ಮೇಲೆ. ಎಲ್ಲರೂ ನನ್ನ ಕೆಂಡದಂಥ ಕಣ್ಣು ನೋಡಿದರು, ಕಂಬ ನೋಡಿದರು, ಪರಸ್ಪರ ನೋಡಿಕೊಂಡರು. ನಾನು ಅಣ್ಣನ ಕಡೆ ತಿರುಗಿದೆ. ಒಡಹುಟ್ಟಿದವನು, ನಿಜ ಹೇಳಲಿ!

"ಏನ್ ಮಾಡೋದು ಅಜ್ಜಿ," ಎಂದ ನನ್ನ ಒಡಹುಟ್ಟಿದವನು, ನಿಟ್ಟುಸಿರು ಬಿಟ್ಟು. "ಹೇಳಿ ಹೇಳಿ ಸಾಕಾಗಿದೆ."

ಅಜ್ಜಿಯ ಮುಖ ಅರಳಿತು. "ಅಯ್ಯೋ, ಅಷ್ಟೇಯಾ! ಅದು ರಕ್ತದಲ್ಲಿ ಬರಾಕಿಲ್ಲ ಬುಡವ್ವ, ಅಂಗಡೀಲಿ ಬತ್ತದೆ. ಕುಡಿದೋನ್ ಸೀನಿಗೆ ಯಾವ ಸಕುನ? ಎಲೆ ಹಾಕ್ರಲಾ!"

ಎಲೆ ಬಿದ್ದವು. ಒಬ್ಬಟ್ಟು ಬಂತು, ತುಪ್ಪ ಬಂತು. ನನಗೇನು ಬಂತು? ಇಳಿಯಲಿ ಎಂದು ಒಂದು ಚೊಂಬು ಹುಳಿ ಮಜ್ಜಿಗೆ! ಕುಡಿಸಿ, ಕೈಹಿಡಿದು ನಡೆಸಿ, ಜಗಲಿಯ ಮೇಲೆ ಮಲಗಿಸಿದರು. ಪುಟ್ಟರಂಗಯ್ಯನವರು ಬಂದು ಹೊದಿಕೆ ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿ, "ವಾಸ್ನೆನೇ ಇಲ್ವಲ್ಲ, ಯಾವ್ದು ಸಾರ್ ಅದು? ನಮ್ಮವ್ವಂಗೆ ಗೊತ್ತಾಗ್ದೇ ಇರೋಂಥದ್ದು ನಂಗೂ ಬೇಕಿತ್ತು," ಎಂದರು. ಉತ್ತರ ಕೊಡುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಕಾರು ಗುಬ್ಬಿಯಲ್ಲಿತ್ತು. ತುಮಕೂರು ಬರುವ ತನಕ ಕೂಗಾಡಿದೆ.

"ನನ್ನ ಮಾನ ಮರ್ಯಾದೆ ಏನಾಗ್ಬೇಕು ಕಣೇ?"

"ಮಾನ ಆಮೇಲೆ ನೋಡ್ಕೊಳೋಣ. ಮದುವೆ ಉಳೀತೋ ಇಲ್ವೋ ಹೇಳಿ."

ಉಳಿದಿತ್ತು. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಗೇಟಿನಲ್ಲಿ ಹರ್ಷಿತಾ ನಿಂತಿದ್ದಳು. ಹುಡುಗ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದ. ಅವಳು ನಗುವುದೋ ಅಳುವುದೋ ತಿಳಿಯದೆ, "ಚಿಕ್ಕಪ್ಪ, ನಂಗೂ ಅಲರ್ಜಿ ಇದೆ. ಮೂರು ವರ್ಷದಿಂದ," ಎಂದಳು.

ನಾವೆಲ್ಲಾ ಬಾಯಿ ಬಿಟ್ಟೆವು.

"ಡಾಕ್ಟರ್ ಹತ್ರ ಟೆಸ್ಟ್ ಮಾಡಿಸ್ದೆ. ಧೂಳಿಂದ ಅಂತ ಗೊತ್ತಾಯ್ತು. ಮೂಗಿಗೆ ಒಂದು ಸ್ಪ್ರೇ, ನಿದ್ದೆ ಬರದೇ ಇರೋ ಒಂದು ಮಾತ್ರೆ. ಅವರು ಹೇಳ್ದಂಗೆ ತಗೋತೀನಿ, ಆರಾಮಾಗಿದೀನಿ. ನನ್ನ ಮದುವೆ ಆಗೋರಿಗೂ ಮೊದಲಿಂದ ಗೊತ್ತು."

ಮೂರು ವರ್ಷದಿಂದ ಅಲರ್ಜಿಯ ಬಗ್ಗೆ ಅದೇ ಮನೆಯ ಮಹಡಿಯ ಮೇಲೆ ನಾನು ಗುಡುಗುತ್ತಿದ್ದರೆ, ಕೆಳಗೆ ಈ ಹುಡುಗಿ ಸದ್ದಿಲ್ಲದೆ ಅದನ್ನು ಗೆದ್ದು ಕೂತಿದ್ದಳು!

"ಮತ್ತೆ ನಂಗೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಭಾಷಣ ಮಾಡ್ತಿದ್ರಿ."

ಶಶಿ ಗಾಬರಿಯಿಂದ, "ಅಯ್ಯೋ, ಅಜ್ಜಿಗೆ ಗೊತ್ತಾದ್ರೆ?" ಎಂದಳು.

"ನೀವು ಹೊರಟ ಮೇಲೆ ಅವ್ರೇ ಅಜ್ಜಿಗೆ ನನ್ನ ಅಲರ್ಜಿ ವಿಷಯ ಹೇಳಿದ್ರಂತೆ ಚಿಕ್ಕಮ್ಮ. ಸುಳ್ಳು ಇಟ್ಕೊಂಡು ಮದುವೆ ಆಗೋದು ನಮ್ಮಿಬ್ರಿಗೂ ಇಷ್ಟ ಇರ್ಲಿಲ್ಲ." ಹರ್ಷಿತಾ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದಳು. "ಅಜ್ಜಿ ಏನೂ ಅನ್ಲಿಲ್ವಂತೆ. 'ದಿನಕ್ಕೊಂದು ಮಾತ್ರೆ ತಾನೆ, ನುಂಗ್ಲಿ ಬುಡು. ಆದ್ರೆ ಆ ಕುಡುಕ ಚಿಕ್ಕಪ್ಪನ್ನ ಮಾತ್ರ ಧಾರೆ ಹೊತ್ನಲ್ಲಿ ಮಂಟಪದ ಹತ್ರ ಬುಟ್ಕಬ್ಯಾಡಿ' ಅಂದ್ರಂತೆ."