ಚಳಿಗೆ ಒಡೆದ ಎರಡು ಇಂಜಿನ್

ಚಳಿ ಎಂದರೆ ಯಲಹಂಕದವರಿಗೆ ಮಂಕಿ ಟೋಪಿ ಮತ್ತು ಒಡೆದ ತುಟಿ, ಅಷ್ಟೇ. ಡಿಸೆಂಬರಿನ ಬೆಳಿಗ್ಗೆ ಅಲ್ಲಾಳಸಂದ್ರದ ಕೆರೆ ಸುತ್ತುವ ನಮ್ಮ ಬಡಾವಣೆಯ ಹಿರಿಯರನ್ನು ನೋಡಿದರೆ ಹಿಮಾಲಯ ಹತ್ತಿ ಇಳಿದವರಂತೆ ಕಾಣುತ್ತಾರೆ. ನಾನೂ ಅವರಲ್ಲೊಬ್ಬ. ನಿಜವಾದ ಚಳಿ ಎರಕದ ಕಬ್ಬಿಣವನ್ನೇ ಸೀಳುತ್ತದೆ, ಆ ಸೀಳು ಲಾರಿ ಹತ್ತಿ ಬಂದು ನಿವೃತ್ತನೊಬ್ಬನ ಸಂಸಾರದೊಳಗೂ ಇಳಿಯುತ್ತದೆ ಎಂಬುದು ನನಗೆ ತಿಳಿದದ್ದು ಭಾವಮೈದ ನಾಗರಾಜನ ದೋಣಿಯಿಂದ.

ನಾಗರಾಜ ನನ್ನ ಹೆಂಡತಿ ವತ್ಸಲಳ ತಮ್ಮ. ಬಾಗಲೂರಿನ ಆಚೆ ರೆಸಾರ್ಟ್ ಮಾಡಿಕೊಂಡಿದ್ದಾನೆ. ಅದರ ನಡುವೆ ಒಂದು ಹೊಂಡವಿದೆ. ಅವನ ಪ್ರಕಾರ ಅದು ಸರೋವರ. ಬೇರೆಯವರಾಗಿದ್ದರೆ ಅದರಲ್ಲಿ ನಾಲ್ಕು ಪೆಡಲ್ ದೋಣಿ ಬಿಟ್ಟು ಸುಮ್ಮನಾಗುತ್ತಿದ್ದರು. ಇವನು ಉತ್ತರದ ಯಾವುದೋ ಬೆಟ್ಟದೂರಿನಲ್ಲಿ ಓಡಿ ಮುಪ್ಪಾದ, ಹೊಟ್ಟೆಯೊಳಗೆ ಎರಡು ಡೀಸೆಲ್ ಇಂಜಿನ್ ಇಟ್ಟುಕೊಂಡ ದೋಣಿಯನ್ನು ತರಿಸಿದ. ನಾನು ಕಾರ್ಖಾನೆಯಲ್ಲಿ ಡೀಸೆಲ್ ಇಂಜಿನ್ನುಗಳ ನಡುವೆ ಕೂದಲು ನರೆಸಿಕೊಂಡವನು. ಹಾಗಾಗಿ ಫೋನು ನನಗೆ ಬಂತು. "ಭಾವ, ಸುಮ್ನೆ ಒಂದ್ಸಲ ಬಂದು ನೋಡ್ಬಿಡಿ. ಸ್ಟಾರ್ಟ್ ಆಗ್ತಿಲ್ಲ, ಬೇರೇನಿಲ್ಲ."

ಬೇರೆ ಬಹಳ ಇತ್ತು. ಹಿಮ ಬೀಳುವ ಊರಿನಲ್ಲಿ ಚಳಿಗಾಲಕ್ಕೆ ಮುಂಚೆ ಇಂಜಿನ್ನಿನೊಳಗಿನ ನೀರನ್ನು ಬಸಿದು ತೆಗೆಯಬೇಕು. ಹಳೆಯ ಮಾಲೀಕ ತೆಗೆದಿರಲಿಲ್ಲ. ನೀರು ಮಂಜುಗಡ್ಡೆಯಾಗಿ ಹಿಗ್ಗಿ ಎಡಗಡೆಯ ಇಂಜಿನ್ನಿನ ಪಕ್ಕೆಯನ್ನು ಅಂಗೈ ಉದ್ದ ಸೀಳಿತ್ತು. ಅದನ್ನು ಬಿಚ್ಚಿ, ಒಡೆದ ಎರಕಕ್ಕೆ ಲೋಹದ ಹೊಲಿಗೆ ಹಾಕುವ ಯಶವಂತಪುರದ ಮುನಿಸ್ವಾಮಿಯ ಬಳಿಗೆ ಒಯ್ದೆ. ಅವನು ಸೀಳಿನ ಮೇಲೆ ಬೆರಳಾಡಿಸಿ, "ಚಳೀಗಾ ಸಾರ್? ಚಳೀಗೆ ನಮ್ ತುಟಿ ಒಡೀತದೆ, ಹಿಮ್ಮಡಿ ಒಡೀತದೆ. ಇಂಜಿನ್ ಎಲ್ಲಾದ್ರೂ ಒಡೀತದಾ? ಯಾರೋ ಕೆಳಕ್ಕೆ ಎತ್ತಾಕಿ ನಿಮ್ಗೆ ಕಥೆ ಹೇಳವ್ರೆ," ಎಂದ. ನಾನು ನೀರಿನ ಗುಣಧರ್ಮವನ್ನು ವಿವರಿಸಿದೆ. ಅವನು ಕನಿಕರದಿಂದ ಕೇಳಿಸಿಕೊಂಡು ಹೊಲಿಗೆ ಹಾಕಿಕೊಟ್ಟ. ಹೊಲಿಗೆ ಚೆನ್ನಾಗಿತ್ತು.

ದೋಣಿಯ ಹೊಟ್ಟೆಯಲ್ಲಿ ನಿಲ್ಲಲಾಗುವುದಿಲ್ಲ, ಕೂರಲಾಗುವುದಿಲ್ಲ. ದೇವರ ಮುಂದೂ ಅಷ್ಟು ಬಾಗದವನು ಆ ಇಂಜಿನ್ನುಗಳ ಮುಂದೆ ಬಾಗಿದೆ. ಮನೆಗೆ ಬಂದರೆ ವತ್ಸಲ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಪಾಪ, ತಮ್ಮನಿಗೆ ನೀವು ಬಿಟ್ರೆ ಯಾರಿದಾರೆ," ಎನ್ನುತ್ತಿದ್ದಳು. ಆ ಒಂದು ಮಾತಿಗೆ ನಾನು ಇನ್ನೊಂದು ವಾರ ಬಾಗುತ್ತಿದ್ದೆ.

ಬಲಗಡೆಯ ಇಂಜಿನ್ನಿಗೆ ಹೊರಗೆ ಬಿರುಕೇ ಇರಲಿಲ್ಲ. ತುಕ್ಕು ತೆಗೆದು ತಿರುಗಿಸಿದ ಕೂಡಲೇ ಗುಡುಗಿತು. ನಾಗರಾಜ ಅದಕ್ಕೆ ಹೂವಿನ ಹಾರ ಹಾಕಿದ. ಆದರೆ ಇಂಜಿನ್ ಕಾದ ಮೇಲೆ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆತ ಚಹಾದಂತಾಗಿತ್ತು. ಒಳಗೆಲ್ಲೋ ಕೂದಲೆಳೆಯ ಬಿರುಕು. ಬಿಸಿಗೆ ಬಾಯಿ ಬಿಟ್ಟು ಎಣ್ಣೆಗೆ ನೀರು ಬಿಡುತ್ತಿತ್ತು.

"ಇದನ್ನ ಓಡಿಸ್ಬೇಡ ನಾಗರಾಜ. ಪೂರ್ತಿ ಬಿಚ್ಚಿ ನೋಡ್ಬೇಕು."

"ಭಾನುವಾರ ನೆಂಟರನ್ನೆಲ್ಲ ಕರ್ದಿದೀನಿ ಭಾವ. ಒಂದೇ ರೌಂಡು."

"ಅರ್ಧ ರೌಂಡೂ ಬೇಡ. ಜಾಮ್ ಆಗತ್ತೆ."

ವತ್ಸಲ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ಪಕ್ಕದಲ್ಲೇ ನಿಂತಿದ್ದಳು. ಇದನ್ನು ದಯವಿಟ್ಟು ಗಮನಿಸಿ, ನಾನು ಗಮನಿಸಿದ್ದೆ.

ಭಾನುವಾರ ದೋಣಿ ಹೊರಟಿತು. ನಾನು ಹತ್ತಲಿಲ್ಲ. ಹೊಂಡದ ನಡುವೆ ಬಿಳಿ ಹೊಗೆ ಎದ್ದು, ಬಲಗಡೆಯ ಇಂಜಿನ್ ಒಮ್ಮೆ ಕಿರುಚಿ ಹಿಡಿದುಕೊಂಡಿತು. ನಾಗರಾಜ ಗಾಬರಿಯಲ್ಲಿ ಎಡಗಡೆಯದಕ್ಕೆ ಪೂರ್ತಿ ವೇಗ ಕೊಟ್ಟ. ಮುನಿಸ್ವಾಮಿಯ ಹೊಲಿಗೆ ಸ್ವಲ್ಪವೂ ಬಿಡಲಿಲ್ಲ, ಅದೇ ತೊಂದರೆಯಾಯಿತು. ಒಂದೇ ಇಂಜಿನ್ನಿನ ಶಕ್ತಿಗೆ ದೋಣಿ ಗಾಣದೆತ್ತಿನಂತೆ ಸುತ್ತತೊಡಗಿತು. ದಡದಲ್ಲಿದ್ದ ನೆಂಟರು ಅದು ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಕೊನೆಗೆ ದೋಣಿ ಜೊಂಡಿಗೆ ನುಗ್ಗಿ ಕೆಸರಿನಲ್ಲಿ ಹೂತಿತು. ಟ್ರ್ಯಾಕ್ಟರ್ ಕರೆಸಲು ನಾಗರಾಜ ನೀರಿಗೆ ಹಾರಿದ. ಸರೋವರ ಅವನ ಎದೆಮಟ್ಟಕ್ಕೆ ಬಂತು.

ಜೊಂಡು, ಕೆಸರು ಮೆತ್ತಿಕೊಂಡು ದಡ ಹತ್ತಿದವನು ನೇರ ನನ್ನೆದುರು ನಿಂತ. "ಏನ್ ರಿಪೇರಿ ಮಾಡಿದ್ರಿ ಭಾವ ನೀವು?"

ಎಲ್ಲರೂ ನನ್ನನ್ನು ನೋಡಿದರು. "ಇಷ್ಟು ತಿಂಗ್ಳು ಅದೇನ್ ಮಾಡ್ತಿದ್ರೋ," ಎಂದು ಯಾವುದೋ ಚಿಕ್ಕಮ್ಮ ಮೆಲ್ಲನೆ ಅಂದದ್ದು ಜೋರಾಗಿ ಕೇಳಿಸಿತು. ನಾನು ವತ್ಸಲಳನ್ನು ನೋಡಿದೆ. ಅವಳು ನನ್ನತ್ತ ನೋಡದೆ ತಮ್ಮನಿಗೆ ಟವೆಲ್ ಕೊಟ್ಟಳು. ಬೆನ್ನಿನಲ್ಲಿದ್ದ ನೋವು ಅಲ್ಲಿಂದ ಎದ್ದು ಬೇರೆ ಕಡೆಗೆ ಬಂದು ಕೂತಿತು.

ಮನೆಗೆ ಹೋಗುವಾಗ ಕಾರಿನಲ್ಲಿ ವತ್ಸಲಳೇ, "ನೀವ್ ಹೇಳಿದ್ದೇ ಸರಿ ಇತ್ತು," ಎಂದಳು.

"ಅಲ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಗ್ರೀ ಹೇಳ್ಲಿ? ಅವನು ಅಷ್ಟು ಜನರ ಮುಂದೆ ಒದ್ದೆಯಾಗಿ ನಿಂತಿದ್ದ. ನೀವು ಇಸ್ತ್ರಿ ಶರ್ಟ್ ಹಾಕ್ಕೊಂಡು ನಿಂತಿದ್ರಿ."

ಇಷ್ಟು ವರ್ಷ ಯಂತ್ರಗಳ ಜೊತೆ ಬದುಕಿ, ಸರಿಯಾದುದನ್ನು ಹೇಳಿದರೆ ಸಾಕೆಂದು ನಂಬಿದ್ದೆ. ನೆಂಟರ ಲೆಕ್ಕವೇ ಬೇರೆ; ಅಲ್ಲಿ ನ್ಯಾಯ ಒದ್ದೆಯಾದವನ ಕಡೆಗೆ. ಆ ದಿನ ನಾನು ಮಾಡಬೇಕಿದ್ದ ರಿಪೇರಿ ಒಂದೇ: ನಾಗರಾಜ ಹಾರಿದ ಕೂಡಲೇ ಅವನ ಹಿಂದೆ ನಾನೂ ಹಾರಬೇಕಿತ್ತು. ನನಗೆ ಈಜು ಬರುವುದಿಲ್ಲ. ಆದರೆ ಎದೆಮಟ್ಟದ ನೀರಿನಲ್ಲಿ ಅದರ ಅಗತ್ಯವೂ ಇರಲಿಲ್ಲ.