ರಜೆ ಹಾಕದ ಕಾವಲುಗಾರ

ನಮ್ಮ ಲಾಂಡ್ರಿಯಲ್ಲಿ ಇನ್ನು ಮುಂದೆ ಒಂದು ಅಂಗಿಗುಂಡಿಯಷ್ಟು ಮೋಸ ನಡೆಯುವುದಕ್ಕೂ ಬಿಡುವುದಿಲ್ಲ ಎಂದು ನಾನು ಶಪಥ ಮಾಡಿದೆ. ಶಪಥ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಹದಿನೈದು ದಿನದೊಳಗೆ ನನ್ನ ಗಂಡನ ಮೇಲೇ ಪೊಲೀಸರಿಗೆ ದೂರು ಕೊಟ್ಟಿದ್ದೆ. ಅವರು ಸತ್ತು ಆಗಲೇ ಮೂರು ವರ್ಷವಾಗಿತ್ತು!

ತಪ್ಪು ಆ ಭಾಷಣದ್ದು. ಅಂಗಡಿಯವರ ಸಂಘದಲ್ಲಿ ತೆರಿಗೆ ಉಳಿಸುವುದು ಹೇಗೆ, ಮೋಸ ತಡೆಯುವುದು ಹೇಗೆ ಎಂದು ಭಾಷಣ ಇಟ್ಟಿದ್ದರು. ಪ್ರತಿ ಅಂಗಡಿಯಿಂದ ಒಬ್ಬರು ಬರಲೇಬೇಕಂತೆ. ಮಗನಿಗೆ ಪುರುಸೊತ್ತಿರಲಿಲ್ಲ.

"ಅಮ್ಮ, ನೀನು ಹೋಗಿ ಸುಮ್ನೆ ಕೂತಿದ್ದು ಬಾ. ಕೇಳಿಸ್ಕೊಳ್ಳೋದೇನೂ ಬೇಡ" ಎಂದ.

ಹುಟ್ಟಿದಾಗಿನಿಂದ ಅವನು ಆಡಿದ ಮಾತುಗಳಲ್ಲಿ ನಾನು ಪಾಲಿಸಬೇಕಾಗಿದ್ದದ್ದು ಅದೊಂದೇ. ಪಾಲಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡೆ!

"ಕಳ್ಳ ಹೊರಗಿಂದ ಬರಲ್ಲ" ಎಂದರು ಭಾಷಣದವರು. "ಸಂಬಳ ತಗೊಂಡು ಒಳಗೇ ಇರ್ತಾನೆ. ಮೊದಲು ತಲೆ ಎಣಿಸಿ. ಆಮೇಲೆ ಸಂಬಳ ಎಣಿಸಿ. ಎರಡೂ ತಾಳೆ ಆಗಲಿಲ್ವೋ, ಮೋಸ ಅಲ್ಲೇ ಇದೆ."

ಎಣಿಸುವುದನ್ನು ನನಗೆ ಹೇಳಿಕೊಡಬೇಕೆ? ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನ ಕೆಲಸವೇ ಅದು. ಬಿದ್ದ ಗುಂಡಿ ಹೊಲಿಯುವುದು, ಆಸ್ಪತ್ರೆಯ ಹಾಸುಬಟ್ಟೆ ಎಣಿಸಿ ಗಂಟು ಕಟ್ಟುವುದು. ಆಸ್ಪತ್ರೆಯ ಬಟ್ಟೆ ಇದೆಯೆಂದೇ ನಮ್ಮ ಅಂಗಡಿ ಇದೆ. ಅಲ್ಲಿ ಜನ ನರಳುವಷ್ಟು ಕಾಲ ಇಲ್ಲಿ ನಮ್ಮ ಒಲೆ ಉರಿಯುತ್ತದೆ. ಕೇಳುವುದಕ್ಕೆ ಚೆನ್ನಾಗಿಲ್ಲ, ಆದರೆ ನಿಜ.

ತಿಂಗಳ ಕೊನೆಗೆ ಆಡಿಟರು ಬಂದರು. ಮಗನ ಎದುರು ಕೂತು ಸಂಬಳದ ಪಟ್ಟಿ ಓದತೊಡಗಿದರು. ನಾನು ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಬೆರಳು ಮಡಿಸಿದೆ. ಇಸ್ತ್ರಿಯವನು, ಒಂದು. ಯಂತ್ರದವನು, ಎರಡು. ಕಲೆ ತೆಗೆಯುವವಳು, ಮೂರು. ಗಾಡಿಯವನು, ನಾಲ್ಕು. ರಾತ್ರಿ ಕಾವಲುಗಾರ...

ಹೆಬ್ಬೆರಳು ಹಾಗೇ ನಿಂತಿತು. ಯಾವ ಕಾವಲುಗಾರ? ಆಡಿಟರು ಹೋಗುವ ತನಕ ತುಟಿ ಬಿಗಿಹಿಡಿದಿದ್ದು ಮಗನನ್ನು ಹಿಡಿದುಕೊಂಡೆ.

"ಲೋ, ನಮಗೆ ಕಾವಲುಗಾರ ಇದಾನೇನೋ?"

ಮಗ ಕೆಮ್ಮಿದ. "ಇದಾರಮ್ಮ. ನೀನು ಮನೆಗೆ ಹೋದ ಮೇಲೆ ಬರ್ತಾರೆ."

"ಒಂದು ದಿನವೂ ಕಣ್ಣಿಗೆ ಬಿದ್ದಿಲ್ವಲ್ಲ?"

"ಬೆಳಕು ಹರಿಯೋದ್ರೊಳಗೆ ಹೋಗ್ಬಿಡ್ತಾರೆ."

"ಊಟ ತಿಂಡಿ?"

"ಏನೂ ಬೇಡ ಅವರಿಗೆ."

"ಮಾತುಕತೆ ಹೇಗೆ?"

"ಮಾತೇ ಇಲ್ಲಮ್ಮ. ತುಂಬ ಶಾಂತ ಮನುಷ್ಯ."

"ರಜೆ ಗಿಜೆ ಅಂತ ಪೀಡಿಸ್ತಾನಾ?"

"ಒಂದು ದಿನವೂ ಹಾಕಿಲ್ಲ" ಎಂದ ಮಗ, ಗೋಡೆ ನೋಡುತ್ತ.

ನಾನು ಬೆರಗಾದೆ! ಊಟ ಬೇಡ, ಮಾತಿಲ್ಲ, ರಜೆ ಇಲ್ಲ. ಇಂಥ ಆಳು ಲೋಕದಲ್ಲಿ ಎಲ್ಲಿ ಸಿಗುತ್ತಾನೆ? ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಗಿ, ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನಮ್ಮವರ ಬೂದು ಸ್ವೆಟರು ತಂದು ಮಗನ ಕೈಗಿಟ್ಟೆ.

"ಪಾಪ, ಚಳಿಯಲ್ಲಿ ಕೂತಿರ್ತಾನೆ, ಅವನಿಗೆ ಕೊಡು. ಅಪ್ಪಂದು ಅವನಿಗೆ ಆಗುತ್ತೋ ಇಲ್ವೋ."

ಮಗ ಸ್ವೆಟರಿನ ತೋಳು ಬಿಡಿಸಿ ನೋಡಿದ. "ಆಗುತ್ತಮ್ಮ" ಎಂದ. "ಅಳತೆ ಅದೇ."

ಆ ವಾರವೇ ಲಾಂಡ್ರಿಗೆ ಕಳ್ಳ ಬಿದ್ದ. ಬೆಳಗ್ಗೆ ಹೋಗಿ ನೋಡಿದರೆ ಹಿಂಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿದೆ. ಆಸ್ಪತ್ರೆಯ ಎರಡು ಗಂಟು ಹಾಸುಬಟ್ಟೆ ಇಲ್ಲ! ಸೊಸೆ ಗಲ್ಲಾಪೆಟ್ಟಿಗೆಯ ಮುಂದೆಯೇ ತಲೆಯ ಮೇಲೆ ಕೈ ಹೊತ್ತು ಕೂತಳು. ಮಗ ಆಸ್ಪತ್ರೆಯವರ ಕಾಲು ಹಿಡಿಯಲು ಹೊರಟ. ಹೋಗುವಾಗ ತಿರುಗಿ ನಿಂತು, "ಅಮ್ಮ, ಪೊಲೀಸು ಗಿಲೀಸು ಅಂತ ಹೋಗಬೇಡ. ನಾನು ನೋಡ್ಕೋತೀನಿ" ಎಂದ.

ಅವನೇನು ನೋಡಿಕೊಳ್ಳುತ್ತಾನೆ? ಭಾಷಣ ಕೇಳಿದವಳು ನಾನು! ಕಳ್ಳ ಒಳಗೇ ಇದ್ದಾನೆ ಎಂದು ನನಗೆ ಗೊತ್ತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು, ಮೈಮೇಲೆ ನಮ್ಮವರ ಸ್ವೆಟರು ಬಿದ್ದ ಕೂಡಲೇ ಎರಡು ಗಂಟು ಹೊತ್ತು ಹೋಗಿದ್ದಾನೆ. ಶಾಂತ ಮನುಷ್ಯನಂತೆ, ಶಾಂತ ಮನುಷ್ಯ! ಅಂಗಡಿಯ ಮೇಜಿನಿಂದ ಸಂಬಳದ ಪುಸ್ತಕ ತೆಗೆದು ಕಂಕುಳಲ್ಲಿಟ್ಟುಕೊಂಡು ನೇರ ಠಾಣೆಗೆ ನಡೆದೆ.

"ಯಾರ ಮೇಲಾದ್ರೂ ಅನುಮಾನ ಇದ್ಯೇನಮ್ಮ?" ಎಂದರು ಇನ್‌ಸ್ಪೆಕ್ಟರು.

"ಅನುಮಾನ ಏನು ಬಂತು ಸ್ವಾಮಿ? ನಮ್ಮ ರಾತ್ರಿ ಕಾವಲುಗಾರನೇ! ಹಿಡಿದು ನಾಲ್ಕು ಬಿಡಿ."

"ಹೆಸರು?"

"ಇದರಲ್ಲಿದೆ ನೋಡಿ. ನಾನು ಓದೋದು ನಿಧಾನ. ನಾನು ಹುಡುಕೋದ್ರೊಳಗೆ ಅವನು ಊರು ಬಿಟ್ಟಿರ್ತಾನೆ."

ಪುಸ್ತಕ ಅವರ ಕೈಗೆ ಕೊಟ್ಟು, ದೊಡ್ಡ ಕಾರ್ಯ ಮುಗಿಸಿದವಳಂತೆ ಮನೆಗೆ ಬಂದು ಕಾಲು ಚಾಚಿದೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಇನ್‌ಸ್ಪೆಕ್ಟರು, ಹಿಂದೆ ಒಬ್ಬ ಪೇದೆ.

"ಕಾವಲುಗಾರ ಎಲ್ಲಮ್ಮ?"

"ನಮ್ಮನೇಲಿ ಯಾಕಿರ್ತಾನೆ ಸ್ವಾಮಿ?"

"ವಿಳಾಸ ಇದೇ ಇದೆ." ಇನ್‌ಸ್ಪೆಕ್ಟರು ಪುಸ್ತಕ ಬಿಚ್ಚಿ ಹೆಸರು ಓದಿದರು.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅದು... ನಮ್ಮ ಯಜಮಾನ್ರ ಹೆಸರು."

"ಓಹೋ! ಗಂಡನ ಮೇಲೇ ದೂರು ಕೊಟ್ಟಿದೀರಾ? ಏನಮ್ಮ ಜಗಳ?"

"ಜಗಳ ನಿಂತು ಮೂರು ವರ್ಷ ಆಯ್ತು ಸ್ವಾಮಿ."

"ಎಲ್ಲಿದಾನೆ ಈಗ?"

"ಹೋಗ್ಬಿಟ್ರು."

"ಆಸಾಮಿ ತಲೆಮರೆಸಿಕೊಂಡಿದಾನೆ. ಬರ್ಕೊಳ್ರೀ" ಎಂದರು ಪೇದೆಗೆ. "ಯಾವ ಕಡೆ ಹೋದನಮ್ಮ?"

ಕೈ ಮೇಲೆ ಮಾಡಿ ತೋರಿಸಿದೆ. "ಅಟ್ಟದ ಮೇಲೆ ಸಾರ್!" ಎಂದು ಪೇದೆ ಏಣಿ ಹತ್ತಿಯೇಬಿಟ್ಟ! ಮೇಲೆ ಹಳೇ ಪಾತ್ರೆಗಳು ಉರುಳಿದವು. ಅವನು ಮೈಯೆಲ್ಲ ಜೇಡರಬಲೆ ಮಾಡಿಕೊಂಡು ಇಳಿದು ಬಂದ ಮೇಲೆ, ನಾನು ಗೋಡೆಯ ಮೇಲಿನ ಫೋಟೋ ತೋರಿಸಿದೆ.

ಇನ್‌ಸ್ಪೆಕ್ಟರು ಫೋಟೋ ನೋಡಿದರು. ಕೆಳಗೆ ಬರೆದಿದ್ದ ತಾರೀಕು ನೋಡಿದರು. ಟೋಪಿ ತೆಗೆದರು. ಆಮೇಲೆ ಬಹಳ ಮೆತ್ತಗೆ ಕೇಳಿದರು, "ಹಾಗಾದ್ರೆ ಹೋದ ತಿಂಗಳ ಸಂಬಳ ತಗೊಂಡೋರು ಯಾರಮ್ಮ?"

ಹಾಸುಬಟ್ಟೆ ಕದ್ದವನನ್ನು ಆಮೇಲೆ ಯಾರೂ ಹುಡುಕಲಿಲ್ಲ. ಪೊಲೀಸರಿಗೆ ಅವನಿಗಿಂತ ದೊಡ್ಡ ಕಳ್ಳ ಸಿಕ್ಕಿದ್ದ, ನನ್ನ ಮಗ. ಪುಸ್ತಕ ಠಾಣೆಯಿಂದ ತೆರಿಗೆ ಕಚೇರಿಗೆ ಹೋಯಿತು. ಅಂಗಡಿಗೆ ಬೀಗ ಬೀಳಬಹುದು, ಮಗನಿಗೆ ಜೈಲೂ ಆಗಬಹುದು ಎಂದು ಆಡಿಟರು ಫೋನಿನಲ್ಲಿ ಹೇಳಿದರು.

ಆ ಸಂಜೆ ಮನೆಯಲ್ಲಿ ಯಾರೂ ದೀಪ ಹಾಕಲಿಲ್ಲ.

"ಅಪ್ಪನ ಹೆಸರೇ ಬೇಕಾಗಿತ್ತೇನೋ ನಿನಗೆ?" ಎಂದೆ.

"ಖರ್ಚು ಜಾಸ್ತಿ ತೋರಿಸಿದ್ರೆ ಲಾಭ ಕಮ್ಮಿ, ಲಾಭ ಕಮ್ಮಿಯಾದ್ರೆ ತೆರಿಗೆ ಕಮ್ಮಿ ಅಂದ್ರು ಆಡಿಟರು. ಬೇರೆಯೋರ ಹೆಸರು ಹಾಕಿದ್ರೆ ಅವರು ನಾಳೆ ನಿಜವಾಗ್ಲೂ ಸಂಬಳ ಕೇಳ್ತಾರೆ. ಅಪ್ಪ ಕೇಳಲ್ವಲ್ಲ." ಅವನ ದನಿ ಒಡೆಯಿತು. "ಅವರ ಕಾಗದಪತ್ರ ಎಲ್ಲಾ ಇತ್ತು, ಬ್ಯಾಂಕಿನ ಖಾತೆ ಇನ್ನೂ ಮುಚ್ಚಿರಲಿಲ್ಲ..."

"ಆ ಸ್ವೆಟರು?"

"ಅಂಗಡಿ ಬೀರುವಿನಲ್ಲಿದೆ. ಮನೆಗೆ ತರೋಕೆ ಧೈರ್ಯ ಬರಲಿಲ್ಲಮ್ಮ."

ಬೈಯಬೇಕೆಂದು ಬಾಯಿ ತೆರೆದೆ. ಅವನು ಬಿಕ್ಕುತ್ತಿದ್ದ. ಬಾಯಿ ಮುಚ್ಚಿಕೊಂಡೆ.

ತೆರಿಗೆ ಕಚೇರಿಯಿಂದ ಕರೆ ಬಂತು. ಮೆಟ್ಟಿಲ ಹತ್ತಿರ ಆಡಿಟರು ನನ್ನನ್ನು ಪಕ್ಕಕ್ಕೆ ಕರೆದರು. "ಅಜ್ಜಿ, ಯಜಮಾನ್ರು ಯಾವಾಗ ಹೋದ್ರು ಅಂತ ಕೇಳ್ತಾರೆ. ವಯಸ್ಸಾಯ್ತು, ಸರಿಯಾಗಿ ನೆನಪಿಲ್ಲ ಅಂದ್ಬಿಡಿ. ನೀವು ಮಸುಕು ಮಾಡಿದ್ರೆ ನಾನು ಆರೇಳು ತಿಂಗಳಿಗೆ ಇಳಿಸ್ತೀನಿ. ನಿಮ್ಮ ಮಗನ ಬದುಕು ನಿಮ್ಮ ಬಾಯಲ್ಲಿದೆ."

ಒಳಗೆ ಕೂತಿದ್ದ ಅಧಿಕಾರಿ ನನ್ನ ಸೊಸೆಯ ವಯಸ್ಸಿನ ಹೆಂಗಸು. ಆಡಿಟರು ಗಂಟಲು ಸರಿಮಾಡಿಕೊಂಡರು. "ಮೇಡಂ, ಇದು ಒಂದು ರೀತಿಯ ತೆರಿಗೆ ಯೋಜನೆ..."

"ಹೆಣಕ್ಕೆ ಸಂಬಳ ಕೊಡೋದು ಯಾವ ಯೋಜನೆ ರೀ?" ಎಂದರು ಆಕೆ. ಪಕ್ಕದಲ್ಲಿದ್ದ ಗುಮಾಸ್ತ ತನ್ನಷ್ಟಕ್ಕೇ ಗೊಣಗಿದ, "ನೌಕರಿಯಲ್ಲಿದ್ದು ಸತ್ತೋರನ್ನ ನೋಡಿದೀನಿ. ಸತ್ತ ಮೇಲೆ ನೌಕರಿಗೆ ಸೇರಿದೋರನ್ನ ನೋಡ್ತಿರೋದು ಇದೇ ಮೊದಲು."

ಅಧಿಕಾರಿ ನನ್ನ ಕಡೆ ತಿರುಗಿದರು. "ಅಮ್ಮ, ನಿಮ್ಮ ಯಜಮಾನ್ರು ಹೋಗಿದ್ದು ಯಾವಾಗ?"

ಆಡಿಟರು ನನ್ನನ್ನೇ ನೋಡುತ್ತಿದ್ದರು. ಮಗ ನೆಲ ನೋಡುತ್ತಿದ್ದ. ನೆನಪಿಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ಅದನ್ನೇ ಹೇಳಬೇಕೆಂದಿದ್ದೆ! ಆದರೆ ನಾಲಿಗೆ ಕೇಳಲಿಲ್ಲ. ತಾರೀಕು ಹೇಳಿತು, ವಾರ ಹೇಳಿತು. ಹಾಲು ಕಾಯಿಸಲು ಇಟ್ಟು ಬಂದು ನೋಡುವಷ್ಟರಲ್ಲಿ ಉಸಿರಿರಲಿಲ್ಲ ಎಂದು ಹೇಳಿತು. ಹಾಲು ಉಕ್ಕಿ ಒಲೆ ಆರಿದ್ದನ್ನೂ ಹೇಳಿತು. ಆಡಿಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಅಧಿಕಾರಿ ಸಂಬಳದ ಪುಸ್ತಕ ಮುಚ್ಚಿದರು. ಆಮೇಲೆ, "ನಿಜ ಒಪ್ಪಿಕೊಂಡಿದೀರಿ. ತಪ್ಪಿಸಿದ ತೆರಿಗೆ, ಬಡ್ಡಿ, ದಂಡ ಎಲ್ಲಾ ಕಟ್ಟಿದ್ರೆ ಜೈಲಿನ ಮಾತು ಬರಲ್ಲ. ಕಟ್ಟದಿದ್ರೆ ಬರುತ್ತೆ" ಎಂದರು. ಮೊತ್ತ ಹೇಳಿದರು. ಅಂಗಡಿ ಮಾರಿದರೆ ಮಾತ್ರ ತೀರುವ ಮೊತ್ತ.

"ಅಮ್ಮ, ಅಂಗಡಿಗೆ ನೀವೂ ಹೋಗ್ತೀರಾ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ದಿನಾ ಹೋಗ್ತೀನಿ. ಗುಂಡಿ ಹೊಲಿಯೋದು, ಎಣಿಸಿ ಗಂಟು ಕಟ್ಟೋದು ನಾನೇ."

"ಸಂಬಳ?"

"ನನಗ್ಯಾಕಮ್ಮ ಸಂಬಳ? ಮಗನ ಅಂಗಡಿ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಪ್ಪಾ, ಸತ್ತಿರೋ ಅಪ್ಪನಿಗೆ ಸಂಬಳ, ದುಡಿಯೋ ಅಮ್ಮನಿಗೆ ಬಿಟ್ಟಿ ಚಾಕರಿ! ಈಕೆಗೆ ಕೊಟ್ಟು ತೋರಿಸಿದ್ರೆ ಕಾನೂನಿಗೂ ಸರಿ, ನಿನ್ನ ತೆರಿಗೆಯೂ ಇಳೀತಿತ್ತು. ಅಷ್ಟೂ ಹೊಳೀಲಿಲ್ವಾ?" ಮಗ ಆಡಿಟರ ಮುಖ ನೋಡಿದ. ಆಡಿಟರು ಫ್ಯಾನು ನೋಡಿದರು.

ಆಗ ನನಗೆ ಎಲ್ಲಿಲ್ಲದ ಆವೇಶ ಬಂತು. ಖಜಾನೆ ಬಿಚ್ಚುವ ಮಹಾರಾಣಿಯಂತೆ ಎದ್ದು ನಿಂತೆ. "ಹಾಗಾದ್ರೆ ಇವತ್ತಿಂದ ನನಗೆ ಸಂಬಳ ಹಾಕಲಿ. ಅಷ್ಟನ್ನೂ ತಿಂಗಳು ತಿಂಗಳು ನಿಮ್ಮ ದಂಡಕ್ಕೇ ತಗೊಳ್ಳಿ. ಅಂಗಡಿ ಮಾತ್ರ ಉಳಿಸಿ ತಾಯಿ!"

ಆಕೆ ಲೆಕ್ಕ ಹಾಕಿದರು. "ಐದು ವರ್ಷ ಆಗುತ್ತಮ್ಮ. ನಿಮಗೆಷ್ಟು ವಯಸ್ಸು?"

"ಎಪ್ಪತ್ತೊಂದು."

ಆಕೆ ಮಗನ ಕಡೆ ಬೆರಳು ತೋರಿಸಿದರು. "ಕಂತು ಮಾಡಿಕೊಡ್ತೀನಿ. ಆದ್ರೆ ಅಮ್ಮನ್ನ ಹುಷಾರಾಗಿ ನೋಡ್ಕೋ. ನಡುವೆ ಏನಾದ್ರೂ ಆದ್ರೆ ಈ ಸಲ ಸಂಬಳ ನಿಲ್ಲಿಸಬೇಕಾಗುತ್ತೆ, ಗೊತ್ತಾಯ್ತಾ?"

ಅಂಗಡಿ ಉಳಿಯಿತು. ಆಡಿಟರನ್ನು ಬಿಟ್ಟಿದ್ದಾಯಿತು. ನಮ್ಮವರ ಖಾತೆ ಮುಚ್ಚಿಸಿದ್ದಾಯಿತು. ಅವರು ಎರಡನೇ ಸಲ ಹೋದಂತಾಗಿ ಆ ದಿನ ನನಗೆ ಊಟ ಸೇರಲಿಲ್ಲ. ಈಗ ಮನೆಯಲ್ಲಿ ನನ್ನ ಉಪಚಾರ ಹೇಳತೀರದು. ಬೆಳಗ್ಗೆ ಮಾತ್ರೆ ನುಂಗುವ ತನಕ ಮಗ ಎದುರು ನಿಂತಿರುತ್ತಾನೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಸೊಸೆ ಕಾವಲು. ಒಮ್ಮೆ ಸೀನಿದರೆ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿ ಬರುತ್ತಾನೆ. ಮುಪ್ಪಿನಲ್ಲಿ ಇಷ್ಟು ಪ್ರೀತಿ ಯಾರಿಗೆ ಸಿಗುತ್ತದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಕೂತಲ್ಲೇ ಜೊಂಪು ಹತ್ತಿತ್ತು. ಕಣ್ಣು ಬಿಟ್ಟರೆ ಸೊಸೆ ಬಗ್ಗಿ ನನ್ನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದಾಳೆ!

"ಏನೇ ಇದು?" ಎಂದು ಬೆಚ್ಚಿಬಿದ್ದೆ.

ಅವಳು ಎದೆಯ ಮೇಲೆ ಕೈಯಿಟ್ಟು ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ಏನಿಲ್ಲ ಅತ್ತೆ, ಮಲಗಿ. ಇನ್ನೂ ಐವತ್ತೆಂಟು ಕಂತಿದೆ."