ನಿಮ್ಮ ಪಾಲು ನೀವು ಹೇಳ್ರಿ

ದೇವರಿಗೆ ಹೆದರುವ ಜನರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ದೇವರೇ ಹೆದರುವಂಥ ಜನರನ್ನು ನೋಡಿದ್ದೀರಾ? ಇಲ್ಲವಾದರೆ ತುರ್ವಿಹಾಳದ ಬಸ್ಸು ಹತ್ತಿ ಕಾಲುವೆ ಪಕ್ಕದ ಪುಟ್ಟ ಊರಾದ ನಮ್ಮ ಸೋದರತ್ತೆಯ ಕ್ಯಾಂಪಿನ ಹತ್ತಿರ ಇಳಿಯಿರಿ. ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಯಾವ ಮನೆಯೊಳಗಿಂದ "ನಾ ಹೇಳಿದ್ದು ಕೇಳಿಸ್ತೋ ಇಲ್ಲೋ?" ಎಂಬ ಗದರಿಕೆ ಬರುತ್ತದೋ ಅದೇ ಮನೆ. ಅದು ಗಂಡನಿಗೆ ಹಾಕಿದ ಗದರಿಕೆ ಎಂದುಕೊಂಡಿರಾದರೆ ತಪ್ಪು. ನಮ್ಮ ಮಾಮ ಒಂದೇ ಮಾತಿಗೆ ಕೇಳಿಸಿಕೊಳ್ಳುವವರು. ಅದು ನೇರವಾಗಿ ಯೇಸುಸ್ವಾಮಿಗೆ!

ನಾವು ಮುದಗಲ್ ಕಡೆಯ ಕಥೋಲಿಕರು. ಅತ್ತೆ ಮದುವೆಯಾಗಿ ಕಾಲುವೆ ಸೀಮೆಗೆ ಹೋದವಳು. ಭತ್ತ, ಎಮ್ಮೆ, ಜಪಸರ ಇವು ಮೂರೇ ಆಕೆಯ ಸಂಸಾರ. ಆಕೆ ಕನ್ಯಾಸ್ತ್ರೀಯಲ್ಲ, ಉಪದೇಶಿಯಲ್ಲ, ಓದಿದ್ದೂ ಅಷ್ಟಕ್ಕಷ್ಟೆ. ಆದರೂ ದಿನಾ ಮುಂಜಾನೆ ಕೋಳಿ ಕೂಗುವ ಮೊದಲು ಆಕೆಯ ಧ್ವನಿ ಸಂದೇಶವೊಂದು ನಮ್ಮೆಲ್ಲರ ಫೋನಿಗೆ ಬಂದು ಬೀಳುತ್ತದೆ. ಅಂದಿನ ಶುಭಸಂದೇಶದ, ಅಂದರೆ ಯೇಸುಸ್ವಾಮಿಯ ಕತೆಯ, ಒಂದು ತುಣುಕು, ಅದರ ಮೇಲೆ ಆಕೆಯ ಚಿಂತನೆ, ಕೊನೆಗೊಂದು ಪ್ರಾರ್ಥನೆ. ಗುಂಪಿನ ಹೆಸರು 'ಮುಂಜಾನಿ ಮಾತು'. ಅದರಲ್ಲಿ ಮಾತಾಡುವವರು ಒಬ್ಬರೇ ಎಂಬುದನ್ನು ಹೇಳಬೇಕಿಲ್ಲವಲ್ಲ!

ಈ ಗುಂಪಿಗೆ ಸೇರಲು ಕಥೋಲಿಕರೇ ಆಗಬೇಕೆಂದಿಲ್ಲ. ಅತ್ತೆಯ ಕೈಗೆ ನಿಮ್ಮ ನಂಬರ್ ಸಿಕ್ಕರೆ ಸಾಕು. ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಸಾವ್ಕಾರರೊಬ್ಬರು, ಹಣೆತುಂಬ ವಿಭೂತಿಯ ಮನುಷ್ಯ, "ಬೀಜ ಬಂದ ಕೂಡಲೇ ಫೋನ್ ಮಾಡ್ತೀನಿ, ನಂಬರ್ ಕೊಡ್ರಿ ಅಮ್ಮಾರ" ಎಂದು ಕೇಳಿದ್ದೇ ತಪ್ಪಾಯಿತು. ಬೀಜ ಬರುವುದಕ್ಕೆ ಮೊದಲೇ ಶುಭಸಂದೇಶ ಬಂತು. ಪಾಪ, ಮುಂದಿನ ಸಲ ಅತ್ತೆ ಅಂಗಡಿಗೆ ಹೋದಾಗ ಬಹಳ ಮರ್ಯಾದೆಯಿಂದಲೇ ಕೈಮುಗಿದರು.

"ಅಮ್ಮಾರ, ನಾವು ಮುಂಜಾನೆದ್ದು ಇಷ್ಟಲಿಂಗ ಪೂಜಿ ಮಾಡೋ ಮಂದಿ ರೀ."

"ಮಾಡ್ರಿ, ಬ್ಯಾಡ ಅಂದೋರ್ಯಾರು? ಪೂಜಿ ಮಾಡಾಕ ಕೈ ಬೇಕು, ಕಣ್ಣು ಬೇಕು. ಕಿವಿ ಖಾಲೀನೇ ಇರ್ತಾವಲ್ಲ!"

ಸಾವ್ಕಾರರು ಅವತ್ತಿನಿಂದ ಗುಂಪಿನಲ್ಲಿಯೇ ಇದ್ದಾರೆ.

ಇನ್ನು ಆ ಚಿಂತನೆಗಳ ಸೊಗಸನ್ನು ಏನೆಂದು ಹೇಳಲಿ? ಆಕೆ ಎಮ್ಮೆ ಹಿಂಡುತ್ತಲೇ ಮಾತಾಡುವುದರಿಂದ ಬೋಧನೆಯ ನಡುವೆ ಎಮ್ಮೆಗೂ ಪಾಲಿರುತ್ತದೆ. "ನಮ್ಮ ಸ್ವಾಮಿ ಶಾಂತ ಸ್ವಭಾವದಾವ. ನಾವೂ ಯಾರ ಮ್ಯಾಲೂ ಸಿಟ್ಟಾಗಬಾರ್ದು... ಏ, ನಿನ್ನ ಕಾಲು ಮುರೀತೀನಿ ನೋಡು! ಸುಮ್ಮ ನಿಂದ್ರು!" ಎಂದು ಕೇಳಿಸಿದಾಗ ಕಾಲು ಯಾರದೆಂದು ನಾವೇ ಅರ್ಥ ಮಾಡಿಕೊಳ್ಳಬೇಕು. ಆದರೆ ನಗುತ್ತ ಕೇಳುತ್ತಿರುವಾಗಲೇ ಒಂದು ಮಾತು ಬಂದು ಎದೆಗೆ ನಾಟುತ್ತದೆ. ಯೇಸುಸ್ವಾಮಿಯ ಶಿಷ್ಯ ಪೇತ್ರನು ನೀರಿನ ಮೇಲೆ ನಡೆಯಲು ಹೋಗಿ ಹೆದರಿ ಮುಳುಗಿದ ಪ್ರಸಂಗ ಬಂದ ದಿನ ಆಕೆ ಹೇಳಿದ್ದು ಕೇಳಿ: "ಡ್ಯಾಮಿನಾಗ ನೀರು ಬಿಟ್ರಂತ ಅಂದ ಕೂಡಲೇ ನಾವು ಭತ್ತದ ಸಸಿ ಮಡಿ ಮಾಡಾಕ ಹೊಲಕ್ಕ ಇಳೀತೀವಲ್ಲ, ನೀರು ಕಣ್ಣಿಲೆ ನೋಡೀವೇನು? ಇನ್ನೂ ಎಲ್ಲೋ ದೂರ ಬರಾಕತ್ತಿರ್ತದ. ಯಾವನೋ ಎಂಜಿನೇರನ್ನ ಅಷ್ಟು ನಂಬ್ತೀರಿ, ಸ್ವಾಮೀನ ನಂಬಾಕ ಏನು ಧಾಡಿ?" ಕಾಲುವೆಯ ಕೊನೆಭಾಗದ ರೈತರಿಗೆ ಇದಕ್ಕಿಂತ ಚೆನ್ನಾಗಿ ವಿಶ್ವಾಸವನ್ನು ವಿವರಿಸಿದವರನ್ನು ನಾನಂತೂ ಕಂಡಿಲ್ಲ.

ಆಕೆಯ ಇನ್ನೊಂದು ಮಾತು ಅನ್ನದ್ದು. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ, ಅವರ ಪರವಾಗಿ ಬೇಡಿಕೊಂಡು, ಕೂಡಲೇ ಕಟ್ಟಪ್ಪಣೆ ಮಾಡುತ್ತಾಳೆ: "ಅನ್ನಕ್ಕಿಟ್ಟ ಮ್ಯಾಲ ಗಳಿಗ್ಗೊಮ್ಮೆ ಮುಚ್ಚಳ ತೆಗದು ನೋಡಬಾರ್ದು. ಉಗಿ ಹೋಗ್ತದ, ಅಕ್ಕಿ ಹಂಗೇ ಉಳೀತದ. ಸ್ವಾಮಿ ಕೈಯಾಗ ಕೊಟ್ಟೀರಿಲ್ಲೋ? ಫಿಕರ್ ಮಾಡಬ್ಯಾಡ್ರಿ. ಮುಚ್ಚಳ ತೆಗೀಬ್ಯಾಡ್ರಿ!"

ಹೀಗೆ ಹೇಳುವಾಕೆ ಸಂತರ ವಿಷಯದಲ್ಲಿ ಮಾತ್ರ ಇಷ್ಟು ತಾಳ್ಮೆಯವಳಲ್ಲ. ಕಳೆದುಹೋದ ವಸ್ತು ಹುಡುಕಿಕೊಡುವ ಕೆಲಸ ನಮ್ಮಲ್ಲಿ ಸಂತ ಅಂತೋಣಿಯವರದು. ಒಮ್ಮೆ ಅತ್ತೆಯ ಬೆಂಡೋಲೆ ಕಳೆಯಿತು. ಸಂತರಿಗೆ ಮೇಣದಬತ್ತಿ ಹಚ್ಚಿದಳು, ಬೆಂಡೋಲೆ ಸಿಗಲಿಲ್ಲ. ಮರುದಿನ ಮನೆ ಆಶೀರ್ವಾದಕ್ಕೆ ಬಂದ ಫಾದರ್ ನೋಡುತ್ತಾರೆ, ಸಂತರ ಪಟ ಗೋಡೆಯ ಕಡೆ ಮುಖ ಮಾಡಿ ನೇತಾಡುತ್ತಿದೆ!

"ಇದೇನಮ್ಮಾ ಇದು?"

"ಅವ್ರು ಸದ್ಯಕ್ಕ ಸಸ್ಪೆಂಡ್ ಆಗ್ಯಾರ್ರೀ ಫಾದರ್. ಕೆಲಸ ಮಾಡಿದ ಮ್ಯಾಲ ಈ ಕಡೆ ತಿರುಗಿಸ್ತೀನಿ."

ಫಾದರ್ ನಗು ತಡೆದುಕೊಂಡು ಸಂತರ ಬೆನ್ನಿಗೇ ತೀರ್ಥ ಚಿಮುಕಿಸಿ ಹೋದರಂತೆ. ಸಂಜೆ ಬೆಂಡೋಲೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಸಂತರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು, ಎರಡು ಬತ್ತಿ ಜಾಸ್ತಿ ಹಚ್ಚಿ, "ಮೊದಲ ಕೊಟ್ಟಿದ್ರ ಇಷ್ಟೆಲ್ಲ ಆಗತಿತ್ತೇನು?" ಎಂದು ಬುದ್ಧಿಯನ್ನೂ ಹೇಳಿದಳು.

ಈಗ ಆ ಸಂದೇಶಗಳ ಒಂದು ವಿಚಿತ್ರ ಹೇಳಬೇಕು. ಕೊನೆಯ ಪ್ರಾರ್ಥನೆ ನಮೋ ಮರಿಯಾ, ಮಾತೆ ಮರಿಯಳಿಗೆ ಸಲ್ಲಿಸುವ ಜಪ. ಜಪಸರ ಹಿಡಿದು ಕೂತಾಗ ಇದನ್ನು ಎರಡು ಪಾಲಾಗಿ ಹಂಚಿಕೊಂಡು ಹೇಳುವುದು ನಮ್ಮ ಪದ್ಧತಿ. ಒಬ್ಬರು ಮೊದಲರ್ಧ ಹೇಳುತ್ತಾರೆ, ಉಳಿದವರು "ಸಂತ ಮರಿಯಾ" ಎಂದು ಶುರುಮಾಡಿ ಉಳಿದರ್ಧ ಮುಗಿಸುತ್ತಾರೆ. ಅತ್ತೆ ಫೋನಿನಲ್ಲೂ ಹಾಗೆಯೇ! ಮೊದಲರ್ಧ ಹೇಳಿ ಸುಮ್ಮನಾಗಿಬಿಡುತ್ತಾಳೆ. ಎಮ್ಮೆಯ ಉಸಿರು, ಚರಿಗೆಗೆ ಬೀಳುವ ಹಾಲಿನ ಸದ್ದು, ಅಷ್ಟೆ. ನಾನು ಮೊದಮೊದಲು ನೆಟ್‌ವರ್ಕ್ ಹೋಯಿತೆಂದೇ ತಿಳಿದಿದ್ದೆ.

"ಯಾಕತ್ತಿ, ನಡುವ ಸುಮ್ಮನಾಗ್ತಿ?" ಎಂದು ಕೇಳಿದೆ.

"ನಿಮ್ಮ ಪಾಲು ನೀವು ಹೇಳಬೇಕಲ್ಲವ್ವ! ಎಲ್ಲಾ ನಾನೇ ಹೇಳಿದ್ರ ನಿಮಗೇನು ಉಳೀತು?"

ಮಸ್ಕಿಯ ಸಾವ್ಕಾರರು ಒಮ್ಮೆ ಅಂಗಡಿ ತೆರೆಯುತ್ತ ಈ ಸಂದೇಶವನ್ನು ಜೋರಾಗಿ ಹಾಕಿಕೊಂಡಿದ್ದರಂತೆ. ಮೊದಲರ್ಧ ಮುಗಿದು ಫೋನು ಸುಮ್ಮನಾಯಿತು. ಮುಗಿಯಿತೆಂದು ಅವರು ಗಿರಾಕಿಯ ಕಡೆ ತಿರುಗುವಷ್ಟರಲ್ಲಿ ಫೋನಿನೊಳಗಿಂದ ಅತ್ತೆಯ ಗುಡುಗು: "ಬಾಯಿ ಬಿಟ್ಟು ಹೇಳ್ರಿ! ಒಳಗೊಳಗ ಅಂದ್ರ ಯಾರಿಗೆ ಕೇಳಿಸ್ತದ?" ಬೆಚ್ಚಿಬಿದ್ದ ಗಿರಾಕಿ ನೆಟ್ಟಗೆ ನಿಂತು, "ಎರಡು ಚೀಲ ಯೂರಿಯಾ ರೀ!" ಎಂದನಂತೆ!

ನನ್ನ ಕತೆ ಕೇಳಿದರೆ, ನಾನು ಲಿಂಗಸುಗೂರಿನಲ್ಲಿ ಶಾಲೆಗೆ ಓಡುವ ಟೀಚರು. ಒಲೆಯ ಮುಂದೆ ನಿಂತು ಅತ್ತೆಯನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಿದ್ದೆ. ಆ ಖಾಲಿ ಜಾಗ ಬಂದಾಗ ಚಪಾತಿ ತಿರುವಿ ಹಾಕಲು ಸಮಯ ಸರಿಹೋಗುತ್ತಿತ್ತು.

ಇನ್ನು ನಮ್ಮ ಮಾಮ. ಅತ್ತೆ ಎಷ್ಟು ಮಾತೋ ಅವರು ಅಷ್ಟು ಮೌನ. ಸಂಜೆಯ ಜಪಸರಕ್ಕೆ ಕಂಬಕ್ಕೆ ಒರಗಿ ಕೂತರೆ ಎರಡನೆಯ ಮಣಿಗೆ ಕಣ್ಣು ಮುಚ್ಚಿ, ಮೂರನೆಯದಕ್ಕೆ ಗೊರಕೆ. ಅವರು ಹೇಳಬೇಕಾದ ಉಳಿದರ್ಧದ ಜಾಗದಲ್ಲಿ ಗೊರಕೆಯೇ ಕೇಳಿಸುತ್ತಿತ್ತು. ಅತ್ತೆ ಬಿಡುತ್ತಿರಲಿಲ್ಲ. "ಸ್ವಾಮಿ, ಆ ಗೊರಕೀನೂ ಪ್ರಾರ್ಥನಾ ಅಂತ ಹಿಡ್ಕೋ" ಎಂದು ಹೇಳಿ ಮುಂದಿನ ಮಣಿಗೆ ಹೋಗುತ್ತಿದ್ದಳು. ಗುಂಪಿಗೆ ಎಲ್ಲರಿಗಿಂತ ಮೊದಲು ಸೇರಿಸಿದ್ದು ಅವರನ್ನೇ. ಅವರು ಒಂದು ದಿನವೂ ಅದರಲ್ಲಿ ತುಟಿ ಬಿಚ್ಚಿರಲಿಲ್ಲ.

ಆ ಮಾಮನ ಹೃದಯಕ್ಕೆ ಆಪರೇಷನ್ ಆಗಬೇಕೆಂದು ರಾಯಚೂರಿನ ಡಾಕ್ಟರು ಹೇಳಿದಾಗ ನಾವೆಲ್ಲ ಕುಸಿದುಹೋದೆವು. ಅತ್ತೆ ಮಾತ್ರ ಜಗ್ಗಲಿಲ್ಲ. ನಮಗೆಲ್ಲ ಆಕೆಯೇ ಚಹಾ ಕೊಡಿಸಿ, "ಸ್ವಾಮಿ ಕೈಯಾಗ ಕೊಟ್ಟೀನಿ, ನನಗೇನು ಹೆದರಿಕಿ?" ಎಂದಳು. ಡಾಕ್ಟರಿಗೂ, "ನೀವೂ ಹೆದರಬ್ಯಾಡ್ರಿ" ಎಂದು ಧೈರ್ಯ ತುಂಬಿದಳು!

ಆಪರೇಷನ್ನಿನ ದಿನ ಬೆಳಗಾಯಿತು. ಮಾಮನನ್ನು ಮಲಗಿಸಿದ್ದು ಗಂಡಸರ ವಾರ್ಡಿನಲ್ಲಿ. ಡಾಕ್ಟರು ನೋಡಿಹೋಗುವ ತನಕ ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಅತ್ತೆ. ವಾಡಿಕೆಯಂತೆ ಫೋನು ತೆಗೆದು ಅಂದಿನ ಚಿಂತನೆ ಹೇಳಿದಳು. ಬಿರುಗಾಳಿಯಲ್ಲಿ ದೋಣಿ ಹೊಯ್ದಾಡುತ್ತಿದ್ದಾಗ ಯೇಸುಸ್ವಾಮಿ ಮಲಗಿದ್ದ ಪ್ರಸಂಗ. "ದೋಣಿಯಾಗ ಸ್ವಾಮಿ ಅದಾನ. ಮಲಗಿದ್ರೂ ಅದಾನ. ಹೆದರಬ್ಯಾಡ್ರಿ" ಎಂದು ಮುಗಿಸಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ರೆಕಾರ್ಡಿಂಗ್ ನಿಂತಿರಲಿಲ್ಲ. ಆಕೆಗದು ಗೊತ್ತಿರಲಿಲ್ಲ, ನಾನೂ ನೋಡಲಿಲ್ಲ.

ಆಮೇಲೆ ಕಣ್ಣು ಮುಚ್ಚಿ ಮೆಲ್ಲಗೆ ಮಾತಾಡತೊಡಗಿದಳು. ಆ ಧ್ವನಿ ನಾನು ಎಂದೂ ಕೇಳಿದ್ದಲ್ಲ.

"ಸ್ವಾಮಿ, ಊರ ಮಂದಿಗೆಲ್ಲ ಹೆದರಬ್ಯಾಡ್ರಿ ಅಂದೀನಿ. ನನಗ ಹೆದರಿಕಿ ಆಗ್ಯದ. ಬಾಳ ಆಗ್ಯದ. ಆ ಮನಿಷ್ಯಾ ಮಾತಾಡೋದು ಬ್ಯಾಡ, ಜಪ ಹೇಳೋದೂ ಬ್ಯಾಡ. ಕಂಬಕ್ಕ ಒರಗಿ ಗೊರಕಿ ಹೊಡಕೋತ ಕುಂತಿರ್ಲಿ. ಅಷ್ಟ ಸಾಕು ನನಗ."

ತಡೆಯಲಾರದೆ ನಾನು ಕೈಹಿಡಿದೆ. "ಅತ್ತಿ, ಮುಚ್ಚಳ ತೆಗೀಬಾರ್ದು ಅಂತ ನೀನೇ ಹೇಳ್ತೀಯಲ್ಲ?"

"ಅದು ಅನ್ನ ಅವ್ವಾ," ಎಂದಳು. "ಇಂವ ನನ್ನ ಗಂಡ."

ಆಮೇಲೆ ನಮೋ ಮರಿಯಾ ಮೊದಲರ್ಧ ಹೇಳಿ ಸುಮ್ಮನಾದಳು. ಉಳಿದರ್ಧ ನಾನು ಹೇಳಬೇಕಿತ್ತು. ನಾನು ಆಕೆಯ ಕೈಯನ್ನಷ್ಟೇ ಒತ್ತಿ ಹಿಡಿದೆ. ಆಕೆ ಕಣ್ಣೊರೆಸಿಕೊಂಡು ಫೋನು ಎತ್ತಿದಳು, ಇನ್ನೂ ಓಡುತ್ತಿರುವುದನ್ನು ಕಂಡು ಗಾಬರಿಯಾಗಿ ಏನನ್ನೋ ಒತ್ತಿದಳು. ನಿಲ್ಲಿಸಲು ಹೋಗಿ ಕಳಿಸಿಯೇಬಿಟ್ಟಿದ್ದಳು!

"ಅಯ್ಯ, ಎಲ್ಲಾರಿಗೂ ಹೋತಲ್ಲ! ಅಳಿಸವ್ವಾ, ಜಲ್ದಿ ಅಳಿಸು! ನಂಬ್ರಿ ನಂಬ್ರಿ ಅಂತ ಊರಿಗೆಲ್ಲ ಹೇಳಾಕಿ ಹಿಂಗ ಅತ್ತಾಳಂದ್ರ ನಾಳಿ ನನ್ನ ಮಾತು ಯಾರು ಕೇಳ್ತಾರ?"

ನಾನು ತಡಕಾಡುವುದರೊಳಗೆ ಮಸ್ಕಿಯಿಂದ ಉತ್ತರ ಬಂತು. "ಅಮ್ಮಾರ, ನಿಮ್ಮ ಮಂತ್ರ ನನಗ ಬರಂಗಿಲ್ರೀ. ಲಿಂಗ ಕೈಯಾಗ ಹಿಡದು ಕುಂತೀನಿ. ಯಜಮಾನ್ರ ಸಲುವಾಗಿ ಕೇಳ್ಕೊಂಡೀನಿ."

ಅದರ ಹಿಂದೆಯೇ ಇನ್ನೊಂದು ಬಂತು. ಹೆಸರು ನೋಡಿ ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಬಾಗಿಲಿನ ಆಚೆಯಿಂದ, ಮಾಮನದು.

ಒಂದು ಕೆಮ್ಮು. ಆಮೇಲೆ ಬಳಸದೆ ಬಿಟ್ಟ ಬಾವಿಯ ರಾಟೆಯಂಥ ಧ್ವನಿ: "ಸಂತ ಮರಿಯಾ..." ಉಳಿದರ್ಧವನ್ನು ಒಂದಕ್ಷರ ಬಿಡದೆ ಹೇಳಿದರು. ಅದರಲ್ಲಿ ಮರಣದ ಸಮಯದ ಮಾತೂ ಬರುತ್ತದೆ. ಅಲ್ಲಿಯೂ ಅವರು ತಡವರಿಸಲಿಲ್ಲ. ಕೊನೆಗೆ, "ಮುಂದಿನ ಮಣಿ ಹೇಳು. ನಾ ಕೇಳಾಕತ್ತೀನಿ" ಎಂದರು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟು ದಿನ ಬರ್ತಿತ್ತಂದಂಗಾತು! ನಿದ್ದಿ ನಾಟಕ ಮಾಡ್ತಿದ್ದ ಮುದುಕ!" ಎಂದು ಬೈದಳು. ಬೈದು, ಮುಂದಿನ ಮಣಿ ಹಿಡಿದಳು.

ಮಾಮ ಗೆದ್ದು ಮನೆಗೆ ಬಂದರು. ಈಗ ಮುಂಜಾನೆಯ ಸಂದೇಶದಲ್ಲಿ ಖಾಲಿ ಜಾಗ ಖಾಲಿಯಿರುವುದಿಲ್ಲ. ಅತ್ತೆಯ ಮೊದಲರ್ಧದ ಹಿಂದೆ ದೂರದಿಂದ ಅವರ ಉಳಿದರ್ಧ ಕೇಳುತ್ತದೆ. ನಾನೂ ದುಪ್ಪಟ್ಟು ವೇಗ ಬಿಟ್ಟಿದ್ದೇನೆ.

ಮೊನ್ನೆ ಒಲೆಯ ಮುಂದೆ ನಿಂತು ಕೇಳುತ್ತಿದ್ದೆ. ಮೊದಲರ್ಧ ಮುಗಿಯಿತು. ಆಮೇಲೆ ಏನೂ ಇಲ್ಲ. ಎಮ್ಮೆಯ ಉಸಿರು, ಹಾಲಿನ ಸದ್ದು. ಮಾಮನ ಧ್ವನಿ ಬರಲಿಲ್ಲ. ಚಪಾತಿ ತಿರುವುವುದು ಬಿಟ್ಟು ಫೋನಿನ ಕಡೆ ಬಗ್ಗಿದೆ. ಅಷ್ಟರಲ್ಲಿ ಅತ್ತೆಯ ಪಿಸುಮಾತು ಬಂತು.

"ಅವ್ರಿಗೆ ಈಗರ ನಿದ್ದಿ ಹತ್ಯದ. ಎಬ್ಬಸಂಗಿಲ್ಲ ನಾನು. ಇವತ್ತ ಅವರ ಪಾಲು ನೀವು ಹೇಳ್ರಿ."

ಹಿಂದೆ ಎಲ್ಲೋ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು. ಹೆಂಚಿನ ಮೇಲೆ ಚಪಾತಿ ಸೀಯುತ್ತಿತ್ತು. ನಾನು ಬಾಯಿ ಬಿಟ್ಟು, ಅತ್ತೆಗೆ ಕೇಳಿಸುವಷ್ಟು ಜೋರಾಗಿ, ಹೇಳಿದೆ.